ಫೈನ್ ಪ್ರಕರಣ

ಒಂದೂವರೆ ಅಕ್ಷರದ ಆಂಗ್ಲ ಶಬ್ದವೊಂದರ ನಿಮಿತ್ತ ನಿನ್ನೆ ಸಾಯಂಕಾಲದಿಂದ ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಘೋರ ಸಂಗ್ರಾಮ ನಡೆದಿದೆ. ಸೋಲಾಪುರದ ಮಾರ್ಗದಲ್ಲಿ 31 ವರ್ಷ ಎಸ್.ಟಿ. ಕಂಡಕ್ಟರರಾಗಿದ್ದು ನಿವೃತ್ತರಾದ ನಮ್ಮ ತೀರ್ಥರೂಪರು ಇಂಗ್ಲಿಷನ್ನು ಕಲಿತದ್ದು ಚರ್ಮದ ಚೀಲದಿಂದ. ಅವರ ನಿಘಂಟಿನಲ್ಲಿ ‘ಚೇಂಜ್’ ಎಂದರೆ ಚಿಲ್ಲರೆ, ‘ಹಾಫ್’ ಎಂದರೆ 12 ವರ್ಷದೊಳಗಿನ ಕೂಸು, ‘ಫೈನ್’ ಎಂದರೆ ದಂಡ. ಮೂರನೆಯ ಇಯತ್ತೆಯ ನನ್ನ ಮಗ ಈ ನಿಘಂಟನ್ನೇ ಪ್ರಮಾಣವಾಗಿ ಹಿಡಿದು, ‘ಐ ಆಮ್ ಫೈನ್’ ಎಂಬುದಕ್ಕೆ ‘ನಾನು ದಂಡ’ ಎಂದು ದುಂಡಗೆ ಬರೆದು ಬಂದಿದ್ದಾನೆ. ಗುರುಗಳು ಕೆಂಪು ಶಾಯಿಯಲ್ಲಿ ಎಳೆದ ಗೀಟು ಹಾಳೆಯನ್ನೇ ಹರಿದಿದೆ.

“ಮಾವಾರ, ಹುಡುಗನ ಮಾರ್ಕು ಹೋತಲ್ರಿ!” ಎಂದಳು ನನ್ನಾಕೆ.

“ಹೋದ್ರ ಹೋಗ್ಲಿ ಯವ್ವಾ, ನಾ ಹರದ ರಸೀದಿ ಸುಳ್ಳಾಗೂದಿಲ್ಲ!”

1956ರಲ್ಲಿ ಸ್ವಂತ ಹೊಸ್ತಿಲನ್ನೂ ದಾಟದೆ ಹೊರನಾಡಿಗರಾದ ಮನೆತನದವರಿಗೆ, ಕುಳಿತಲ್ಲಿಯೇ ಅರ್ಥ ಬದಲಿಸುವ ಶಬ್ದಗಳ ಮೇಲೆ ಕೊಂಚ ಕನಿಕರವಿರಬೇಕಾದುದು ನ್ಯಾಯ. ಆದಕಾರಣ ನಾನು ಸಂಧಾನಕ್ಕೆ ಹೊರಟು, ಎರಡೂ ಫೈನುಗಳ ಮೂಲ ಲ್ಯಾಟಿನ್ನಿನ ‘ಫೀನಿಸ್’, ಅರ್ಥಾತ್ ಅಂತ್ಯ; ತಕರಾರನ್ನು ಮುಗಿಸಲು ತೆರುವ ಹಣ ಒಂದು, ಪರಾಕಾಷ್ಠೆಯನ್ನು ಮುಟ್ಟಿದ ಸೊಗಸು ಇನ್ನೊಂದು ಎಂದು ಗಂಭೀರವಾಗಿ ಪ್ರವಚಿಸಿದೆನು.

“ಲ್ಯಾಟಿನ್ನು ಯಾವ ಡಿಪೋದಾಗ ಬರ್ತದ?” ಎಂದು ಕೇಳಿ ತೀರ್ಥರೂಪರು ಮೊಮ್ಮಗನತ್ತ ತಿರುಗಿದರು. “ದಂಡ ಅಂದ್ರ ಕೀಳಂತ ಯಾರಂದ್ರು? ಸೋಲಾಪುರದಾಗ ಸಂಕ್ರಾಂತಿಗೆ ಸಿದ್ಧರಾಮನ ಏಳು ನಂದಿಕೋಲು ಹೊರತಾರಲ್ಲ, ಅವು ದಂಡ ಅಲ್ಲೇನು? ಹಂಗ ನೀನೂ ನೆಟ್ಟಗ ನಿಂದರು.”

ಶಬ್ದಶಾಸ್ತ್ರದ ಇಂತಹ ಕೊಲೆಯನ್ನು ನಾನು ಕಂಡದ್ದಿಲ್ಲ. ಆದರೆ ಬಾಡಿ ಕುಳಿತಿದ್ದ ಹುಡುಗನ ಬೆನ್ನು ನೆಟ್ಟಗಾದದ್ದನ್ನು ಕಂಡೆನು.

ರಾತ್ರಿ ಮುತ್ಯಾನ ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹುಡುಗ ಪಾಠ ಒಪ್ಪಿಸತೊಡಗಿದನು: “ಹೌ ಆರ್ ಯೂ, ಮುತ್ಯಾ?”

ಮುದುಕರು ಬಹಳ ಹೊತ್ತು ಮಾಡಿನ ಕಡೆ ನೋಡುತ್ತಿದ್ದು ನುಡಿದರು: “ನನಗೆಲ್ಲೀ ಫೈನಪಾ? ನಾ ಟಿಕೀಟು ತಗೊಂಡs ಕುಂತೀನಿ.”

“ಸಂಜಿ ಹೊತ್ತಿನ್ಯಾಗ ಏನ್ ಮಾತಾಡ್ತೀರಿ?” ಎಂದು, ಸಂಜೆ ಕಳೆದು ಎರಡು ತಾಸಾಗಿದ್ದರೂ, ಒಳಗಿನಿಂದ ಆಯಿ ಗದರಿದಳು, ಆ ಬಳಿಕ ತಟ್ಟಿದ ರೊಟ್ಟಿಗಳೆಲ್ಲ ಹರಿದುವು.