ವಿಮಾನದ ಮೇಷ್ಟ್ರು

ಕೊರವಂಗಲದಂಥ ಊರುಗಳಲ್ಲಿ ಈಗೀಗ ಒಬ್ಬೊಬ್ಬ ವಿಮಾನದ ಮೇಷ್ಟ್ರು ಇದ್ದೇ ಇರುತ್ತಾರೆ. ಕೆಲಸದಿಂದ ನಿವೃತ್ತಿ, ಕೈಯಲ್ಲಿ ಪಿಂಚಣಿ, ಕ್ಯಾಲಿಫೋರ್ನಿಯಾದಲ್ಲಿ ಮಗ. ನೀವು ಹಾಸನದ ಕಡೆಯಿಂದ ಬೂಚೇಶ್ವರ ಗುಡಿ ನೋಡಲು ಬಂದು ಇವರನ್ನು ದಾರಿ ಕೇಳಿದಿರೋ, ಕೆಟ್ಟಿರಿ. "1173ರದ್ದು, ಬೂಚಿರಾಜ ಕಟ್ಟಿಸಿದ್ದು" ಎಂದು ಹೊಯ್ಸಳರನ್ನು ಒಂದೇ ಉಸಿರಿಗೆ ಮುಗಿಸಿ, ನಿಮ್ಮನ್ನು ಜಗಲಿ ಮೇಲೆ ಕೂರಿಸುತ್ತಾರೆ. "ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಹೇಳಿ ನೋಡೋಣ?" ಉತ್ತರವೂ ಅವರದೇ: "ಹತ್ರ ಹತ್ರ 14,000 ಕಿಲೋಮೀಟರ್!"

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ಪೈಲಟ್ ಸಂಗಾತಿಗಳು ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ, ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದರಲ್ಲ, ಅವತ್ತು ಮೇಷ್ಟ್ರ ಮನೆಯಲ್ಲಿ ಪಾಯಸ. "ಅಮೆರಿಕಕ್ಕೆ ಹೋಗೋಕೆ ಧ್ರುವ ಯಾಕೆ ಸುತ್ತಬೇಕು?" ಎಂದು ಯಾರೋ ಬಾಯಿಬಿಟ್ಟರು. ಅವರು ಕಾದಿದ್ದುದೇ ಅದಕ್ಕೆ. ಒಳಗಿಂದ ಗುಂಡಗಿನ ಆಲೂಗಡ್ಡೆ, ಹೂ ಕಟ್ಟುವ ದಾರ, ಎರಡು ಗುಂಡುಸೂಜಿ ಬಂದವು. ಈ ಕಡೆ ಚುಚ್ಚಿದ್ದು ಬೆಂಗಳೂರು, ಆ ಕಡೆ ಚುಚ್ಚಿದ್ದು ಸ್ಯಾನ್ ಫ್ರಾನ್ಸಿಸ್ಕೋ. ದಾರ ಬಿಗಿಯಾಗಿ ಎಳೆದರೆ ಆಲೂಗಡ್ಡೆಯ ನೆತ್ತಿಯ ಪಕ್ಕದಲ್ಲೇ ಹಾಯಿತು. "ಗೋಡೆ ಮ್ಯಾಪ್ ನಂಬಬೇಡ್ರೋ, ಆಲೂಗಡ್ಡೆ ನಂಬಿ!" ಆಲೂಗಡ್ಡೆ ಬೆಳೆಯುವ ಹಾಸನದವರಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ಎಲ್ಲರೂ ನಂಬಿದರು.

ಎಡವಟ್ಟಾದದ್ದು ಹೊತ್ತಿನ ಲೆಕ್ಕದಲ್ಲಿ. "ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿ ಹತ್ತಿದರೆ, ಹದಿನಾರೂವರೆ ಗಂಟೆ ಹಾರಿ, ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳೀತಾನೆ" ಎಂದರು ಮೇಷ್ಟ್ರು. ಡೇರಿಗೆ ಹಾಲು ಹಾಕಿ ಬಂದವನೊಬ್ಬ ಬೆರಳು ಮಡಚಿ ಎಣಿಸಿದ. "ಹಂಗಾರೆ ಮೂರೇ ಗಂಟೆ! ಹಾಸನದಿಂದ ಬೆಂಗಳೂರಿಗೆ ನಮ್ ಬಸ್ಸೇ ಅದಕ್ಕಿಂತ ಜಾಸ್ತಿ ತಗೊಳ್ತದಲ್ಲ ಮೇಷ್ಟ್ರೇ!" ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆಂದು ಮೇಷ್ಟ್ರು ಕತ್ತಲಾಗುವವರೆಗೆ ಬಿಡಿಸಿ ಹೇಳಿದರು. ಊರಲ್ಲಿ ಉಳಿದದ್ದು ಮಾತ್ರ ಆ ಮೂರು ಗಂಟೆಯೇ.

ಮಗ ಅಲ್ಲಿಂದ ಊರಿಗೆ ಹೊರಟ ದಿನ ಮೇಷ್ಟ್ರಿಗೆ ನಿದ್ದೆಯಿಲ್ಲ. ಫೋನಿನ ನಕ್ಷೆಯಲ್ಲಿ ಹಳದಿ ವಿಮಾನ ಒಂದಿಷ್ಟು ಸರಿದರೂ ಮನೆಗೆಲ್ಲ ವರದಿ. "ಗಾಳಿ ಹಿಂದಿನಿಂದ ನೂಕ್ತಿದೆ, ಬೇಗ ಬರ್ತಾನೆ." ವಿಮಾನ ಬೆಳಗಿನ ಜಾವ ಮೂರಕ್ಕೆ ಇಳಿಯುವುದಾದರೆ ಇವರ ಕಾರು ಹಿಂದಿನ ಸಂಜೆಯೇ ಹೊರಡಬೇಕು. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ದಾಟಿ ದೇವನಹಳ್ಳಿ ಮುಟ್ಟುವಾಗ ಮಗನಿನ್ನೂ ಯಾವುದೋ ದೇಶದ ಆಕಾಶದಲ್ಲಿರುತ್ತಾನೆ.

ಕೊನೆಗೂ ಟ್ರಾಲಿ ತಳ್ಳಿಕೊಂಡು ಮಗ ಹೊರಗೆ ಬರುತ್ತಾನೆ. ಮೇಷ್ಟ್ರ ಮೊದಲ ಮಾತು: "ಹತ್ತು ನಿಮಿಷ ಲೇಟ್ ಯಾಕಾಯ್ತೋ?"

"ಮೊದ್ಲು ಮಗು ಏನಾದ್ರೂ ತಿಂತಾ ಕೇಳ್ರೀ" ಎಂದು ಹೆಂಡತಿ ಗದರುತ್ತಾರೆ.

"ಕೊಟ್ಟಿರ್ತಾರೆ ಕಣೇ," ಎನ್ನುತ್ತಾರೆ ಮೇಷ್ಟ್ರು, "ರಾಜಸ್ಥಾನದ ಮೇಲೆ."