ನಮ್ಮ ಬಿಳಿಜೋಳ ನಿಮ್ಮ ಹಂಡೆಗೆ ಯಾಕೆ ಬೇಡ?

ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಬಿಯರ್ ಕಾಯಿಸುವ ಎಲ್ಲರಿಗೂ,

ತೊರಗಲ್ ಸೀಮೆಯಿಂದ ಬರೆಯುತ್ತಿದ್ದೇನೆ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ನೀವು ಬಿಯರಿಗೆ ರಾಗಿ ಹಾಕಿದ್ದೀರಿ, ಮಾವಿನಹಣ್ಣು ಹಾಕಿದ್ದೀರಿ, ಕೊಡಗಿನ ಕಾಫಿ ಬೀಜವನ್ನೂ ಹಾಕಿದ್ದೀರಿ. ಸಂತೋಷ. ಆದರೆ ಹಂಡೆಯ ಮೂಲ ಧಾನ್ಯ ಇಂದಿಗೂ ಬಾರ್ಲಿಯೇ. ಅದು ರಾಜಸ್ಥಾನದಿಂದ ಬರುತ್ತದೆ, ಜರ್ಮನಿ ಬೆಲ್ಜಿಯಂಗಳಿಂದ ಮಾಲ್ಟ್ ಆಗಿಯೇ ಹಡಗಿನಲ್ಲಿ ಬರುತ್ತದೆ. ಈ ರಾಜ್ಯದ ಅರ್ಧ ಭಾಗವನ್ನು ಸಾಕಿದ ಕಾಳು ಮಾತ್ರ ನಿಮ್ಮ ಹಂಡೆಯಲ್ಲಿ ಇನ್ನೂ ನೆಲೆಯಾಗಿಲ್ಲ. ಯಾಕೆ ಎಂದು ಕೇಳಲು, ನಿಮ್ಮ ಕಷ್ಟಗಳಿಗೆ ನಮ್ಮ ಅಡುಗೆಮನೆಯಲ್ಲಿ ಮತ್ತು ಆಲೆಮನೆಯಲ್ಲಿ ಏನು ಉತ್ತರ ಇದೆ ಎಂದು ಹೇಳಲು ಈ ಪತ್ರ.

ಜೋಳದ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮ ನೆಲಕ್ಕೆ ಬಂತು. ಅಲ್ಲಿನ ಹೆಂಗಸರು ಇವತ್ತಿಗೂ ಅದರ ಮೊಳಕೆಯಿಂದ ಬಿಯರ್ ಮಾಡುತ್ತಾರೆ: ಬುರ್ಕಿನಾ ಫಾಸೊದಲ್ಲಿ ಡೊಲೊ, ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳವನ್ನೂ ಸೇರಿಸಿ ಉಂಕೊಂಬೊತಿ. ನೈಜೀರಿಯಾ ಸರಕಾರ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಲ್ಲಿಸಿತು. ಅಲ್ಲಿನ ದೊಡ್ಡ ಕಾರ್ಖಾನೆಗಳೆಲ್ಲ ಜೋಳಕ್ಕೆ, ಮೆಕ್ಕೆಜೋಳಕ್ಕೆ ಹೊರಳಬೇಕಾಯಿತು. ನಿಷೇಧವನ್ನು ಮುಂದೆ ತೆಗೆದರೂ ಜೋಳ ಹಂಡೆಯಲ್ಲೇ ಉಳಿಯಿತು. ಹಾಗಾಗಿ ಜೋಳದಿಂದ ಬಿಯರ್ ಆಗುವುದಿಲ್ಲ ಎಂಬ ಮಾತನ್ನು ಇನ್ನು ಬಿಡೋಣ.

ಕಷ್ಟ ಇದೆ, ಒಪ್ಪುತ್ತೇನೆ. ಮೊದಲನೆಯದು ಮೊಳಕೆಯದು. ಮಂಡಿಯಿಂದ ತಂದ ಜೋಳ ಸರಿಯಾಗಿ ಮೊಳೆಯಲಿಲ್ಲ ಎಂದು ಕೈಬಿಟ್ಟವರು ನಿಮ್ಮಲ್ಲಿ ಇರಬಹುದು. ಬಿತ್ತನೆಗೆ ಮುಂಚೆ ಇಲ್ಲಿ ರೈತರು ಮಾಡುವ ಪರೀಕ್ಷೆ ಒಂದಿದೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರನೆಯ ದಿನ ಬಿಚ್ಚಿ, ಎಷ್ಟು ಬಾಯಿಬಿಟ್ಟಿವೆ ನೋಡಿ. ತೊಂಬತ್ತಕ್ಕಿಂತ ಕಡಿಮೆ ಇದ್ದರೆ ಆ ಚೀಲ ರೊಟ್ಟಿಗೆ ಇರಲಿ. ಹಳೆಯ ಕಾಳು ಮೊಳೆಯುವುದಿಲ್ಲ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇದ್ದ ಜೋಳ ಹೊಟ್ಟೆ ತುಂಬಿಸುತ್ತದೆ, ಬೀಜಕ್ಕೆ ಬರುವುದಿಲ್ಲ. ಸುಗ್ಗಿಯ ಹೊತ್ತಿಗೆ ಮಳೆ ಬಿದ್ದು ಕಪ್ಪಾದ ಕಾಳಿನಲ್ಲಿ ಬೂಸ್ಟು ಒಳಗೇ ಸೇರಿರುತ್ತದೆ, ಅದೂ ಬೇಡ. ಬೀಜದ ಅಂಗಡಿಯ ಕೆಂಪು ಬಣ್ಣ ಹಚ್ಚಿದ ಪೊಟ್ಟಣದ ಜೋಳವನ್ನಂತೂ ಮುಟ್ಟಬೇಡಿ. ಆ ಬಣ್ಣ ಔಷಧಿ ಹಚ್ಚಿದ ಗುರುತು.

ಒಳ್ಳೆಯ ಕಾಳನ್ನು ಒಂದು ಹಗಲು ಒಂದು ರಾತ್ರಿ ನೆನೆಹಾಕಬೇಕು, ನಡುನಡುವೆ ನೀರು ಬದಲಿಸಬೇಕು. ಆಮೇಲೆ ಬಸಿದು ಒದ್ದೆ ಗೋಣಿತಟ್ಟಿನ ಮೇಲೆ ತೆಳ್ಳಗೆ ಹರವಿ ಇನ್ನೊಂದು ತಟ್ಟು ಮುಚ್ಚುವುದು. ದಪ್ಪಗೆ ಹರವಿದರೆ ನಡುವಿನ ಕಾಳು ಬಿಸಿಯೇರಿ ಹಳಸಲು ನಾತ ಹಿಡಿಯುತ್ತದೆ, ಬಿಳಿ ಬೂಸ್ಟಿನ ಎಳೆ ಹೊರಡುತ್ತದೆ. ದಿನಕ್ಕೆರಡು ಸಲ ಕೈಯಾಡಿಸಿ ನೀರು ಚಿಮುಕಿಸಿದರೆ ನಾಲ್ಕೈದು ದಿನಕ್ಕೆ ಮಾಲ್ಟ್ ಸಿದ್ಧ. ಬಾರ್ಲಿ ಮೊಳೆಯಲು ತಂಪು ಬೇಕು, ಅದಕ್ಕೆಂದು ಮಾಲ್ಟ್ ಕಾರ್ಖಾನೆಗಳು ಗಾಳಿ ತಣಿಸುತ್ತವೆ. ಜೋಳಕ್ಕೆ ಬೇಕಾದದ್ದು 25ರಿಂದ 30 ಡಿಗ್ರಿ ಬೆಚ್ಚಗಿನ ಕೋಣೆ. ಯುಗಾದಿಗೆ ಮುಂಚಿನ ದಿನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಳೆ ಕೈಕೊಟ್ಟ ವರ್ಷ ಎಳೆಯ ಪೈರಿಗೋ ಕೂಳೆ ಜೋಳಕ್ಕೋ ದನ ಬಾಯಿ ಹಾಕಿದರೆ ಹೊಟ್ಟೆಯುಬ್ಬಿ, ಉಸಿರು ಸಿಕ್ಕಿಕೊಂಡು ನೆಲಕ್ಕೆ ಬೀಳುತ್ತದೆ. ಜೋಳ ನಂಜೇರಿತು ಎನ್ನುತ್ತೇವೆ. ಎಳೆ ಜೋಳದಲ್ಲಿರುವ ಧುರ್ರಿನ್ ಎಂಬ ವಸ್ತು ಹೊಟ್ಟೆಯಲ್ಲಿ ಒಡೆದು ಸಯನೈಡ್ ಆಗುವುದೇ ಇದಕ್ಕೆ ಕಾರಣ. ಅದೇ ಧುರ್ರಿನ್ ಜೋಳದ ಮೊಳಕೆಯ ಕುಡಿಯಲ್ಲೂ ಬೇರಿನಲ್ಲೂ ತುಂಬಿಕೊಳ್ಳುತ್ತದೆ. ರಾಗಿಯನ್ನೋ ಹೆಸರುಕಾಳನ್ನೋ ಮೊಳಕೆ ಬರಿಸಿ ಹಾಗೇ ತಿಂದಂತೆ ಇದನ್ನು ತಿನ್ನುವಂತಿಲ್ಲ. ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ಎರಡೂ ಅಂಗೈಯಲ್ಲಿ ಹಾಕಿ ತಿಕ್ಕಬೇಕು. ಒಣಗಿದ ಕುಡಿ, ಬೇರು ಮುರಿದು ಕಂದು ನೂಲಿನ ಹಾಗೆ ಕಳಚುತ್ತವೆ. ಆಮೇಲೆ ಮೊರಕ್ಕೆ ಹಾಕಿ ಕೇರಿದರೆ ನೂಲೆಲ್ಲ ಮುಂದಕ್ಕೆ ಹಾರಿ ಕಾಳು ಹಿಂದೆ ಉಳಿಯುತ್ತದೆ. ನೀವು ಯಂತ್ರದಿಂದ ಮಾಡಿಸಿ, ನಮ್ಮವರಿಂದ ಮಾಡಿಸಿ, ಈ ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಕುದಿಸುವಾಗ ಉಳಿದದ್ದೂ ಬಹಳ ಮಟ್ಟಿಗೆ ಹೋಗುತ್ತದೆ, ಆದರೆ ಕೇರುವುದಕ್ಕೆ ಅದು ಬದಲಿಯಲ್ಲ. ಒಣಗಿಸುವ ಬಿಸಿ 50 ಡಿಗ್ರಿಯ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವಗಳೇ ಸಾಯುತ್ತವೆ.

ಎರಡನೆಯ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಾರ್ಲಿಯ ಗಂಜಿ 65 ಡಿಗ್ರಿಯ ಒಳಗೇ ಮೆತ್ತಗಾಗುತ್ತದೆ, ಕಿಣ್ವಗಳೂ ಅದೇ ಬಿಸಿಯಲ್ಲಿ ಕೆಲಸ ಮಾಡುತ್ತವೆ. ಜೋಳದ ಗಂಜಿ 70 ದಾಟದೆ ಬಿಡಿಸಿಕೊಳ್ಳುವುದಿಲ್ಲ, ಅಷ್ಟು ಹೊತ್ತಿಗೆ ಕಿಣ್ವ ಬಹುಮಟ್ಟಿಗೆ ಸತ್ತಿರುತ್ತದೆ. ಬಾರ್ಲಿಯ ಲೆಕ್ಕದಲ್ಲೇ ಜೋಳವನ್ನು ಕಾಯಿಸಿದವರಿಗೆ ಸಿಹಿಯೇ ಇಳಿಯದ ತೆಳ್ಳನೆಯ ಬಿಳಿ ನೀರು ಸಿಕ್ಕಿರುತ್ತದೆ. ಡೊಲೊ ಮಾಡುವವರ ಉಪಾಯ ನೋಡಿ. ಮಾಲ್ಟಿನ ಹಿಟ್ಟನ್ನು ನೀರಿಗೆ ಕಲಸಿ ಬಿಡುತ್ತಾರೆ. ಕಿಣ್ವ ನೀರಿಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಬಗ್ಗಿಸಿ ಬೇರೆ ಇಟ್ಟು, ತಳದ ಗಟ್ಟಿಯನ್ನು ಕುದಿಸಿ ಬೇಯಿಸುತ್ತಾರೆ. ಬೆಂದದ್ದು ಆರಿದ ಮೇಲೆ ತಿಳಿಯನ್ನು ಮತ್ತೆ ಸೇರಿಸುತ್ತಾರೆ. ಎರಡೂ ಕೂಡಿ 60–65 ಡಿಗ್ರಿಯಲ್ಲಿ ನಿಂತರೆ ಗಂಜಿಯೂ ಬೆಂದಿದೆ, ಕಿಣ್ವವೂ ಬದುಕಿದೆ. ನಮ್ಮ ಮನೆಗಳಲ್ಲಿ ಅಂಬಲಿ ಕಾಯಿಸುವವರು ಕುದಿಯುವ ಗಂಜಿಗೆ ಮಜ್ಜಿಗೆ ಹೊಯ್ಯುವುದಿಲ್ಲ. ಬೆರಳು ತಾಳುವಷ್ಟು ಆರಲಿ ಎಂದು ಕಾಯುತ್ತಾರೆ. ಬೇಯಿಸುವುದಕ್ಕೊಂದು ಬಿಸಿ, ಹುಳಿ ಹಿಡಿಸುವುದಕ್ಕೊಂದು ಬಿಸಿ ಎಂಬ ತಿಳಿವಳಿಕೆಗೆ ಇಲ್ಲಿ ಥರ್ಮಾಮೀಟರು ಬೇಕಾಗಿಲ್ಲ. ನಮ್ಮ ಜೋಳದ ಒಂದು ಅನುಕೂಲವನ್ನೂ ಹೇಳಬೇಕು. ಇಲ್ಲಿ ಹೆಚ್ಚಾಗಿ ಬೆಳೆಯುವ ಮಾಲದಂಡಿ, ಅಂದರೆ 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಎಂ 35-1, ಮುತ್ತಿನ ಬಣ್ಣದ ಕಾಳು. ಕೆಲವು ಕೆಂಪು ಜೋಳಗಳಲ್ಲಿ ಕಿಣ್ವವನ್ನು ಕಟ್ಟಿಹಾಕುವ ಒಗರು ಇದರಲ್ಲಿಲ್ಲ.

ಮೂರನೆಯದು ಸೋಸುವುದು. ಬಾರ್ಲಿಗೆ ಹೊಟ್ಟು ಇದೆ, ಅದೇ ಜರಡಿಯಾಗುತ್ತದೆ. ಜೋಳ ಬೆತ್ತಲೆ ಕಾಳು, ಹಂಡೆಯ ತಳದಲ್ಲಿ ಅಂಟಾಗಿ ಕೂತುಬಿಡುತ್ತದೆ. ಕಿತ್ತೂರು ಕಡೆ ಭತ್ತದ ಗದ್ದೆಗಳಿವೆ. ಅಲ್ಲಿನ ಗಿರಣಿಯ ಭತ್ತದ ಹೊಟ್ಟನ್ನು ತೊಳೆದು ಬೆರೆಸಿದರೆ ರಸ ಸಲೀಸಾಗಿ ಇಳಿಯುತ್ತದೆ. ತಿಳಿಯಾಗದಿದ್ದರೆ? ಪಶ್ಚಿಮ ಆಫ್ರಿಕಾದವರು ಬೆಂಡೆಯ ಲೋಳೆ ಹಾಕಿ ಕಲ್ಮಶ ಎತ್ತುತ್ತಾರೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡವನ್ನು ಜಜ್ಜಿ ನೆನೆಸಿದ ಲೋಳೆನೀರು ಹೊಯ್ಯುವುದನ್ನು ನೋಡುತ್ತಲೇ ಬೆಳೆದವರು ನಾವು. ಕೊಪ್ಪರಿಗೆಯ ಮೇಲೆ ಕರೀ ನೊರೆ ದಪ್ಪಗೆ ಕಟ್ಟುತ್ತದೆ, ಅದನ್ನು ತೆಗೆದುಹಾಕಿದ ಮೇಲೆ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ. ಒಂದು ಕಾಳಿನೊಂದಿಗೆ ಅದರ ಉಪಾಯಗಳೂ ನಮಗೇ ಗೊತ್ತಿಲ್ಲದೆ ಎರಡು ಖಂಡಗಳಲ್ಲಿ ಉಳಿದಿವೆ. ಅವನ್ನು ಜೋಡಿಸುವ ಕೆಲಸ ನಿಮ್ಮದಾಗಲಿ ಎಂಬುದು ನನ್ನ ಆಸೆ.

ಇದನ್ನು ಓದಿ ಮನೆಯಲ್ಲೇ ಹಂಡೆಯಿಡಲು ಹೊರಡುವ ಹುಡುಗರಿಗೂ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಬಳಕೆಗೆ ಮಾಡಿದ ಬಿಯರೂ ಅದರಲ್ಲೇ ಬರುತ್ತದೆ. ಇಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಮಾಲ್ಟು ಮತ್ತು ಅಂಬಲಿ. ಅದನ್ನೇ ಚೆನ್ನಾಗಿ ಮಾಡಿ. ಅಮೆರಿಕದಲ್ಲಿರುವ ನಮ್ಮ ಬೈಲಹೊಂಗಲ, ಸವದತ್ತಿಯ ಮಕ್ಕಳಿಗೆ ಈ ತೊಡಕಿಲ್ಲ. ಅಲ್ಲಿ 1979ರಿಂದ ಮನೆಬಳಕೆಯ ಬಿಯರಿಗೆ ಕೇಂದ್ರ ಕಾನೂನಿನ ಒಪ್ಪಿಗೆ ಇದೆ, ಬ್ರಿಟನ್ನಿನಲ್ಲಿ 1963ರಿಂದಲೇ ಇದೆ. ಅವರು ಭಾರತೀಯ ಅಂಗಡಿಯ ಜೋಳ ಮೊಳೆಯುತ್ತದೆಯೇ ಎಂದು ಮೊದಲು ನೂರು ಕಾಳಿನ ಪರೀಕ್ಷೆ ಮಾಡಲಿ. ಯೀಸ್ಟ್ ಹಾಕಿದ ಮೇಲೆ 18ರಿಂದ 22 ಡಿಗ್ರಿ ಕಾಯಲಿ. ಹೆಚ್ಚು ಬಿಸಿಯಾದರೆ ರುಚಿ ಒರಟಾಗಿ ಗಂಟಲು ಸುಡುತ್ತದೆ. ಹುಳಿ ನಾತ ಬಂದರೆ ಪಾತ್ರೆ ತೊಳೆದದ್ದು ಸಾಲದು ಎಂದರ್ಥ. ಹುದುಗು ಪೂರ್ತಿ ನಿಲ್ಲುವ ಮುಂಚೆ ಸೀಸೆಗೆ ಬಿರಡೆ ಹಾಕಿದರೆ ಸೀಸೆ ಸಿಡಿಯುತ್ತದೆ. ಹುದುಗಿನಿಂದ ಏಳುವ ಗಾಳಿ ಹಗೇವಿನ ತಳದ ಉಸಿರುಗಟ್ಟಿಸುವ ಗಾಳಿಯೇ. ಹಗೇವಿಗೆ ಇಳಿಯುವ ಮುಂಚೆ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಮನುಷ್ಯನೂ ಇಳಿಯುತ್ತಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ದೊಡ್ಡ ಪೀಪಾಯಿ ಇಡಬೇಡಿ.

ನಿಮ್ಮನ್ನು ನಮ್ಮೂರಿಗೆ ಕರೆಯುತ್ತಿರುವುದು ಅಂಗಡಿ ತೆರೆಯಲು ಎಂದು ಯಾರೂ ತಿಳಿಯಬಾರದು. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ಊರುಗಳ ಹೆಂಗಸರು ಎಂಥ ನೆಮ್ಮದಿಯ ನಿಟ್ಟುಸಿರು ಬಿಟ್ಟರು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅವರ ಮಾತನ್ನು ಮೀರುವ ಮನಸ್ಸು ನನಗಿಲ್ಲ. ಕುಡಿಯುವವರು ಬೆಂಗಳೂರಿನಲ್ಲಿ ಹೇಗೂ ಕುಡಿಯುತ್ತಿದ್ದಾರೆ; ಆ ದುಡ್ಡಿನಲ್ಲಿ ಕಾಳಿನ ಪಾಲು ಈ ಎರೆ ಹೊಲಕ್ಕೆ ಬರಲಿ ಎಂದಷ್ಟೇ ನನ್ನ ಮಾತು. ಹುದುಗಿಸದ ಜೋಳದ ಮಾಲ್ಟಿನ ಪಾನೀಯವನ್ನೂ ನೈಜೀರಿಯಾದವರು ಸೀಸೆಗಟ್ಟಿ ಮಾರುತ್ತಾರೆ. ಅದನ್ನು ನೀವು ಮಾಡಿದರೆ ನಮ್ಮೂರ ಮಕ್ಕಳೂ ಕುಡಿಯಬಹುದು.

ಇದು ತುರ್ತಿನ ಮಾತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು, ಜೋಳವೂ ಆ ಪಟ್ಟಿಯಲ್ಲಿತ್ತು. ಇಲ್ಲಿ ಮಾತ್ರ ನವಿಲುತೀರ್ಥ ಅಣೆಕಟ್ಟಿನ ನೀರು ಸಿಕ್ಕ ಕಡೆ ಕಬ್ಬು, ಸಿಗದ ಕಡೆ ಹತ್ತಿ, ಮೆಕ್ಕೆಜೋಳ, ಸೋಯಾ. ಬಿಳಿಜೋಳವನ್ನು ಬೇರುಸಹಿತ ಕೀಳಬೇಕು, ತೆನೆ ಮುರಿಯಬೇಕು, ಹಕ್ಕಿ ಕಾಯಬೇಕು. ಆಳು ಸಿಗುವುದಿಲ್ಲ. ಮೇವಿಗಾಗಿ, ಮನೆಯ ರೊಟ್ಟಿಗಾಗಿ ಎಂದು ಎಕರೆ ಎರಡೆಕರೆ ಬಿತ್ತುವವರೇ ಹೆಚ್ಚು. ಎಳೆಯ ಕಾಳನ್ನು ಸುಟ್ಟು ಸೀತನಿ ತಿನ್ನುವುದಕ್ಕೂ ತೆನೆ ಹುಡುಕುವ ಕಾಲ ಬಂದಿದೆ. ಬೆಲೆ ಮೊದಲೇ ಗೊತ್ತಿದ್ದರೆ ಮತ್ತೆ ಬಿತ್ತುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಸರಳ. ನಿಮ್ಮಲ್ಲಿ ನಾಲ್ಕೈದು ಮಂದಿ ಸೇರಿ, ಎಷ್ಟು ಕ್ವಿಂಟಲ್ ಬೇಕು, ಚೆನ್ನಾಗಿ ಮೊಳೆಯುವ ಕಾಳಿಗೆ ಏನು ದರ, ಮಾಲ್ಟ್ ಮಾಡಿ ಕೇರಿ ಕೊಟ್ಟರೆ ಕೂಲಿ ಎಷ್ಟು ಎಂಬುದನ್ನು ಬರೆದು ತಿಳಿಸಿ. ಮೊಳಕೆ ಬರಿಸುವ, ಕೇರುವ ಕೆಲಸವನ್ನು ಇಲ್ಲಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೇ ಕೊಡಿ, ಕಾಳಿಗಿಂತ ಮಾಲ್ಟಿಗೆ ದುಡ್ಡು ಹೆಚ್ಚು. ಉತ್ತರಿ ಮಳೆಗೆ ನಾವು ಕೂರಿಗೆ ಕಟ್ಟುತ್ತೇವೆ, ಅಂದರೆ ಸೆಪ್ಟೆಂಬರ್ ನಡುವಿಗೆ. ನಿಮ್ಮ ಉತ್ತರ ಆಗಸ್ಟ್ ಮುಗಿಯುವುದರೊಳಗೆ ಬಂದರೆ ಈ ಹಿಂಗಾರಿಗೇ ನಿಮ್ಮ ಪಾಲಿನ ಹೊಲವನ್ನು ಬೇರೆ ಬಿಡುತ್ತೇವೆ.

ಇಂತಿ,
ತೊರಗಲ್ ಸೀಮೆಯ ಒಬ್ಬ ಜೋಳದ ರೈತ