ಅದಿರಾಗಿ ಹುಟ್ಟಬೇಕಿತ್ತು

ಸಂಡೂರಿನಲ್ಲಿ ಮನುಷ್ಯರಾಗಿ ಹುಟ್ಟಿದ್ದೇ ತಪ್ಪು. ಅದಿರಾಗಿ ಹುಟ್ಟಿದ್ದರೆ ನಮಗೂ ರೈಲು ಸಿಗುತ್ತಿತ್ತು.

ತಮಾಷೆಯಲ್ಲ. ನಂದಿಹಳ್ಳಿಯಿಂದ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಕನ್ವೇಯರ್ ಇದೆ. ಕೊಳವೆಯಂತೆ ಸುತ್ತಿಕೊಂಡ ಬೆಲ್ಟಿನೊಳಗೆ ಅದಿರು ಮಲಗಿಕೊಂಡೇ ಹೋಗುತ್ತದೆ. ಡೀಸೆಲ್ ಬೇಡ, ಟ್ರಾಫಿಕ್ ಇಲ್ಲ. ನಾವೋ, ಬಾಯಿಗೆ ಟವೆಲ್ ಕಟ್ಟಿಕೊಂಡು ಟಂಟಂನಲ್ಲಿ ಜೋತುಬಿದ್ದು ಲಾರಿಯ ಕೆಂಧೂಳು ಕುಡಿಯುತ್ತೇವೆ. ಬಿಳಿ ಅಂಗಿ ಹಾಕಿಕೊಂಡು ಹೊರಟವನು ಊರು ಮುಟ್ಟುವಷ್ಟರಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತಾನೆ.

ಹೊಸಪೇಟೆಯಿಂದ ಯಶವಂತನಗರ, ಸ್ವಾಮಿಹಳ್ಳಿಗೆ ಹಳಿಯೂ ಇದೆ. ಅದರ ಮೇಲೆ ಅದಿರಿನ ಗೂಡ್ಸ್ ಗಾಡಿ ಓಡುತ್ತದೆ. ಪ್ಯಾಸೆಂಜರ್ ಗಾಡಿ ಬಿಡಿ ಎಂದು ಜನ ಮನವಿ ಕೊಡುತ್ತಲೇ ಇದ್ದಾರೆ. ಅದಿರು ಯಾವತ್ತು ಮನವಿ ಕೊಟ್ಟಿತ್ತು?

ಕೊಟ್ಟೂರಿನವರನ್ನು ಕೇಳಿ. 1990ರ ದಶಕದಲ್ಲಿ ನಿಂತ ಹೊಸಪೇಟೆ ಪ್ಯಾಸೆಂಜರ್ ಗಾಡಿ ಮತ್ತೆ ಬಂದದ್ದು 2019ರಲ್ಲಿ. ಕಾಯುತ್ತಾ ನಿಂತ ಹುಡುಗರಿಗೆ ಅಷ್ಟರಲ್ಲಿ ಮಕ್ಕಳಾಗಿದ್ದವು.

ಆದರೆ ಗುರಿಗಳಿಗೇನೂ ಬರವಿಲ್ಲ. 2070ಕ್ಕೆ ಭಾರತದ ನಿವ್ವಳ ಇಂಗಾಲ ಸೊನ್ನೆ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಮಾತು ಕೊಟ್ಟು ಬಂದರು. ಆ ಹೊತ್ತಿಗೆ ಸಂಡೂರಿನ ಮನವಿಯೂ ಮುಂದಿನ ಟೇಬಲ್ಲಿಗೆ ಹೋಗಿರಬಹುದು.

ಹಂಪಿ ಮಾತ್ರ ಗುರಿ ಮುಟ್ಟಿಬಿಟ್ಟಿದೆ. ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ. ಹತ್ತಿರಹತ್ತಿರ ಒಂದು ಕಿ.ಮೀ. ಅಪ್ಪಟ ಹಸಿರು. ಬೆಂಗಳೂರಿನಿಂದ ಮುನ್ನೂರು ಚಿಲ್ಲರೆ ಕಿ.ಮೀ. ಡೀಸೆಲ್ ಸುಟ್ಟುಕೊಂಡು ಬಂದ ಕಾರುಗಳು ಈಚೆ ಸಾಲಾಗಿ ನಿಂತಿರುತ್ತವೆ. ಪಾಪ ಮಾಡಿ ಬಂದು ಬಾಗಿಲಲ್ಲಿ ಕಾಲು ತೊಳೆದ ಹಾಗೆ. ಹಂಪಿ ಉತ್ಸವಕ್ಕೆ ಬರುವ ಸಚಿವರ ಹಿಂದೆ ಎಷ್ಟು ಕಾರು ಬರುತ್ತವೆ ಎಂದು ಒಮ್ಮೆ ಎಣಿಸಿ.

ಹವಾಮಾನ ಬದಲಾವಣೆ ಎದುರಿಸಲು ನಾವು ಸಜ್ಜು ಎನ್ನುವವರು ಮಳೆಗಾಲದಲ್ಲಿ ಕಂಪ್ಲಿಗೆ ಬರಲಿ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಗಂಗಾವತಿ ಕಡೆಯ ಸೇತುವೆ ಮುಳುಗುತ್ತದೆ. ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ. ಆಚೆ ದಡ ಕಣ್ಣಿಗೆ ಕಾಣುತ್ತಿರುತ್ತದೆ. ಜನ ಬುಕ್ಕಸಾಗರ, ಕಡೆಬಾಗಿಲು ಸುತ್ತಿಕೊಂಡು ಹೋಗುತ್ತಾರೆ. ಆ ಸುತ್ತಿನ ಹೊಗೆಯನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೋ! ಕಂಪ್ಲಿಗೆ ರೈಲಂತೂ ಇಲ್ಲವೇ ಇಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಹವಾಮಾನಕ್ಕೆ ಒಳ್ಳೆಯದೇ ಮಾಡಿದರು. ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಕಾಲಿಡಲು ಜಾಗವಿರುವ ಬಸ್ಸೂ ಬರಬೇಕಲ್ಲ?

ದುಡ್ಡಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆಂದೇ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಹಳಿ ಹಾಕಿ ಆಗಿದೆ. ಹತ್ತುವ ಜನ ರಸ್ತೆ ಬದಿಯಲ್ಲಿ ನಿಂತೇ ಇದ್ದಾರೆ.

ಇಲ್ಲದಿರುವುದು ನಾಲ್ಕು ಬೋಗಿ.